ಮನೆಲೆಕ್ಕ: ಆಟಿಗೆಂದು ಎತ್ತಿಟ್ಟ ಗೋಣಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಡಿಕೆ, ಮಳೆ, ಸಾಲ ಈ ಮೂರರ ಸುತ್ತಲೇ ಇವೆ. ಕಾರ್ಕಳ ತಾಲೂಕಿನ ಒಂದು ಕೃಷಿ ಪತ್ತಿನ ಸೊಸೈಟಿಯಲ್ಲಿ 31 ವರ್ಷ ಲೆಕ್ಕ ಬರೆದವಳು ನಾನು. ಮನೆಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ ಉಂಟು. ಸಾಲ ಕೇಳಲು ಬಂದವರ ಮುಖವನ್ನೂ ನೋಡಿದ್ದೇನೆ, ನಾನೇ ಸಾಲದ ಅರ್ಜಿಗೆ ಸಹಿ ಹಾಕಿಯೂ ಇದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಅದೇ ತೊಂದರೆ ಎಷ್ಟೋ ಮನೆಗಳಲ್ಲಿ ಇರುವುದು ಗೊತ್ತಿದ್ದೇ ಉದ್ದ ಬರೆದೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನಮ್ಮದು ಬೆಳ್ತಂಗಡಿ ತಾಲೂಕು. ಒಂದೂಕಾಲು ಎಕರೆ ಅಡಿಕೆ, ಮೂವತ್ತು ಸೆಂಟ್ಸ್ ಗದ್ದೆ, ಒಂದು ದನ. ಮನೆಯಲ್ಲಿ ಐದು ಜನ. ಗಂಡ ಪಿಕಪ್ ಓಡಿಸುತ್ತಾರೆ, ತೋಟ ಮಾವನದ್ದೇ ಮೇಲ್ವಿಚಾರಣೆ. ಒಳ್ಳೆ ವರ್ಷ ಒಂಬತ್ತು ಕ್ವಿಂಟಾಲ್ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ ಆಗುತ್ತದೆ. ಹೋದ ವರ್ಷ ಮಳೆಗೆ ಕಾಯಿ ಕೊಳೆತು ಉದುರುವ ಕೊಳೆರೋಗ ಬಂದು ಐದೇ ಆಯಿತು. ಆದರೆ ಒಳ್ಳೆ ವರ್ಷದಲ್ಲೂ ಜುಲೈ ಬಂತೆಂದರೆ ನನ್ನ ಸರವನ್ನು ಎಂಬತ್ತು ಸಾವಿರಕ್ಕೆ ಅಡವು ಇಡಬೇಕಾಗುತ್ತದೆ. ಜನವರಿಯಲ್ಲಿ ಬಿಡಿಸಿ ತರುತ್ತೇವೆ. ಮದುವೆಯಾಗಿ ಆರು ವರ್ಷ, ಆರು ಸಲವೂ ಹೀಗೇ. ಈಗ ಮಾವ ಸಾಲ ತೆಗೆದು ಗದ್ದೆಗೂ ಅಡಿಕೆ ಹಾಕುವ ಅನ್ನುತ್ತಿದ್ದಾರೆ. ನನಗೆ ಹೆದರಿಕೆ. ಏನು ಹೇಳಲಿ?

ಉತ್ತರ: ತಂಗೀ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಒಂಬತ್ತು ಕ್ವಿಂಟಾಲ್ ಆದ ವರ್ಷವೂ ಸರ ಅಡವು, ಐದು ಆದ ವರ್ಷವೂ ಅಡವು. ಹಾಗಾದರೆ ಇನ್ನೂ ನೂರೈವತ್ತು ಅಡಿಕೆ ಗಿಡ ನೆಟ್ಟರೆ ಸರ ಮನೆಯಲ್ಲಿ ಉಳಿಯುತ್ತದಾ? ನನಗೆ ಹಾಗನ್ನಿಸುವುದಿಲ್ಲ. ನಿಮ್ಮ ಮನೆಗೆ ಹಣ ಬರುತ್ತಿದೆ. ಬೇಕಾದ ತಿಂಗಳಲ್ಲಿ ಬರುತ್ತಿಲ್ಲ.

ಗೋಡೆಯಲ್ಲಿರುವ ಕ್ಯಾಲೆಂಡರ್ ಕೆಳಗಿಳಿಸಿ. ಹಣ ಬಂದ ದಿನಕ್ಕೆ ನೀಲಿ ಶಾಯಿ, ಹೋದ ದಿನಕ್ಕೆ ಕೆಂಪು ಶಾಯಿ. ಹೋದ ವರ್ಷದ್ದು ನೆನಪಿದ್ದಷ್ಟು ಗುರುತು ಮಾಡಿ. ನಿಮ್ಮ ಮನೆ ನಾನು ನೋಡಿಲ್ಲ, ಆದರೂ ಆ ಕ್ಯಾಲೆಂಡರ್ ಹೇಗಿರುತ್ತದೆ ಅಂತ ಹೇಳಬಲ್ಲೆ. ಜನವರಿ, ಫೆಬ್ರವರಿಯಲ್ಲಿ ಹೊಸ ಅಡಿಕೆ ಒಟ್ಟಿಗೇ ಕೊಟ್ಟು ಕೈತುಂಬ ಹಣ. ಅದರಲ್ಲಿ ಸರ ಬಿಡಿಸುವುದು, ಅಂಗಡಿ ಬಾಕಿ, ಮಾರ್ಚಿನಲ್ಲಿ ಸೊಸೈಟಿ ಸಾಲ. ಏಪ್ರಿಲ್, ಮೇ ಅಂದರೆ ಮದುವೆ, ಗೃಹಪ್ರವೇಶ, ಮನೆತನದ ದೈವದ ನೇಮ. ಮೇ ಕೊನೆಗೆ ಅಡಿಕೆಗೆ ಕೊಳೆರೋಗದ ಮದ್ದು ಬಿಡುವ (ಸಿಂಪಡಿಸುವ) ಖರ್ಚು. ಜೂನಿಗೆ ಶಾಲೆಯ ಫೀಸು, ಪುಸ್ತಕ, ಕೊಡೆ. ಜುಲೈಯಲ್ಲಿ ಎರಡನೇ ಮದ್ದು. ಆಮೇಲೆ ಅಷ್ಟಮಿ, ಚೌತಿ. ಇಷ್ಟು ತಿಂಗಳು ನೀಲಿ ಶಾಯಿ ಬೀಳುವುದು ಹಾಲಿನ ಹಣಕ್ಕೆ ಮತ್ತು ಪಿಕಪ್ ಬಾಡಿಗೆಗೆ ಮಾತ್ರ. ಜೋರು ಮಳೆಗೆ ಬಾಡಿಗೆಯೂ ಕಡಿಮೆ, ಅಲ್ವಾ?

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ತುಳು ತಿಂಗಳು ಆಟಿ ಅಂದರೆ ಕೈ ಖಾಲಿಯಾಗುವ ತಿಂಗಳು. ಪತ್ರೊಡೆ, ತಜಂಕಿನ (ಚಗಟೆ ಸೊಪ್ಪಿನ) ಪಲ್ಯ ಎಲ್ಲ ಹುಟ್ಟಿದ್ದೇ ಬೇರೆ ಏನೂ ಸಿಗದ ಮಳೆಯ ದಿನಗಳಲ್ಲಿ. ನನ್ನ ಅತ್ತೆ ಮೇ ತಿಂಗಳಲ್ಲೇ ಆಟಿಗೆ ತಯಾರಿ ಶುರು ಮಾಡುತ್ತಿದ್ದರು. ಹಲಸಿನ ಸೊಳೆಗೆ ಉಪ್ಪು ಹಾಕಿ ಭರಣಿಯಲ್ಲಿ ಇಡುವುದು, ಹಲಸಿನ ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಅಡುಗೆಮನೆ ಮೂಲೆಯಲ್ಲಿ ರಾಶಿ ಹಾಕುವುದು. ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ ಅಟ್ಟದಲ್ಲಿ.

ಅವರು ಮಾಡುತ್ತಿದ್ದ ಇನ್ನೊಂದು ಕೆಲಸ ನಿಮಗೆ ಹೇಳಬೇಕು. ನಾನು ಸೊಸೆಯಾಗಿ ಬಂದ ವರ್ಷವೇ ನೋಡಿದೆ. ಅಡಿಕೆ ಸುಲಿದು ಗೋಣಿಗೆ ತುಂಬಿಸಿ ಆದ ಮೇಲೆ ಅತ್ತೆ ದಬ್ಬಣ ಹಿಡಿದು ಚಾವಡಿಯಲ್ಲಿ ಕೂತರು. ಉಳಿದ ಗೋಣಿಗಳ ಬಾಯನ್ನು ಗೋಣಿ ದಾರದಲ್ಲೇ ಹೊಲಿದರು. ಮೂರು ಗೋಣಿಗೆ ಮಾತ್ರ ತಮ್ಮ ಹಳೆ ಸೀರೆಯ ಕೆಂಪು ಅಂಚನ್ನು ಹರಿದು ಹುರಿ ಮಾಡಿ ಹೊಲಿದರು. ಯಾಕೆ ಅಂತ ಕೇಳಿದೆ. "ಇದು ಆಟಿಗೆ" ಅಂದರು. ಅಷ್ಟೇ. ವ್ಯಾಪಾರಿ ಬಂದಾಗ ಕೆಂಪು ಬಾಯಿಯ ಗೋಣಿ ಅಟ್ಟದಿಂದ ಇಳಿಯುತ್ತಿರಲಿಲ್ಲ. ಮಾವ ಕೇಳಿದರೂ ಇಳಿಯುತ್ತಿರಲಿಲ್ಲ. ಜೂನಿನಲ್ಲಿ ಶಾಲೆ ಶುರುವಾಗುವ ವಾರ ಒಂದು, ಆಟಿಯಲ್ಲಿ ಒಂದು, ಚೌತಿಗೆ ಒಂದು. ಆ ಮನೆಯಲ್ಲಿ ಚಿನ್ನ ಅಡವು ಇಟ್ಟದ್ದನ್ನು ಅತ್ತೆ ಇರುವವರೆಗೂ ನಾನು ಕಾಣಲಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರುವ. ಮೂರು ಗೋಣಿ ಅಂದರೆ ಹತ್ತಿರ ಹತ್ತಿರ ಎರಡು ಕ್ವಿಂಟಾಲ್. ಕಿಲೋಗೆ ನಾನೂರು ಅಂತ ಹಿಡಿದರೆ ಎಂಬತ್ತು ಸಾವಿರ. ನಿಮ್ಮ ಸರದ ಮೇಲೆ ತೆಗೆಯುವ ಸಾಲವೂ ಅಷ್ಟೇ. ಆ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ಹನ್ನೆರಡು ಅಂತ ಬಡ್ಡಿ ಹಿಡಿದರೂ ಆರು ತಿಂಗಳಿಗೆ 4,800 ರೂಪಾಯಿ. ಆರು ವರ್ಷಕ್ಕೆ 28,800. ಖಾಸಗಿಯವರಲ್ಲಿ ಇಟ್ಟಿದ್ದರೆ ಇನ್ನೂ ಜಾಸ್ತಿ. ನಿಮ್ಮದೇ ಅಡಿಕೆ ಅಟ್ಟದಲ್ಲಿ ಇದ್ದಿದ್ದರೆ ಈ ಹಣ ಮನೆಯಲ್ಲೇ ಇರುತ್ತಿತ್ತು.

ಒಂದೇ ವರ್ಷದಲ್ಲಿ ಮೂರು ಗೋಣಿ ಎತ್ತಿಡಲು ನಿಮ್ಮಿಂದ ಆಗಲಿಕ್ಕಿಲ್ಲ. ಜನವರಿಯ ಹಣದಲ್ಲಿ ಸರ ಬಿಡಿಸಲೂ ಬೇಕಲ್ಲ. ಈ ವರ್ಷ ಒಂದು ಗೋಣಿ ಇಡಿ. ಆಗ ಅಡವು ಸ್ವಲ್ಪ ಕಡಿಮೆ ಮೊತ್ತಕ್ಕೆ ಸಾಕು. ಬರುವ ವರ್ಷ ಎರಡು. ಮೂರನೇ ವರ್ಷ ಮೂರು. ಅಡಿಕೆ ಸರಿಯಾಗಿ ಒಣಗಿರಬೇಕು. ನಲವತ್ತು, ನಲವತ್ತೈದು ಬಿಸಿಲು ತಿಂದಿರಬೇಕು. ಗೋಣಿಯ ಒಳಗೆ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಬಿಗಿದು, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ. ಗೋಡೆಗೂ ತಾಗಬಾರದು. ಸಿಪ್ಪೆ ಸಮೇತ ಇಟ್ಟು ಬೇಕಾದಾಗ ಸುಲಿಸಿದರೂ ಆಗುತ್ತದೆ. ಒಂದು ಮಳೆಗಾಲ ದಾಟಿದ ಅಡಿಕೆಗೆ ಹೊಸದಕ್ಕಿಂತ ಸಾಮಾನ್ಯವಾಗಿ ದರ ಜಾಸ್ತಿ ಎಂಬುದು ಮಾವನಿಗೆ ಗೊತ್ತಿರುತ್ತದೆ. ಆದರೆ ದರ ಏರಲಿ ಅಂತ ಈ ಗೋಣಿಗಳನ್ನು ಕಾಯಿಸಬೇಡಿ. ಆಟಿ ಬಂದ ದಿನ ದರ ಎಷ್ಟೇ ಇರಲಿ, ಕೊಡಿ.

ಕೊಳೆರೋಗದ ವಿಷಯ. ಮದ್ದು ಹೇಗೆ ಮಾಡುವುದು ಅಂತ ನಿಮ್ಮ ಮಾವನಿಗೆ ನಾನು ಕಲಿಸಬೇಕಾಗಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಒಟ್ಟು ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುವುದು. ನಮ್ಮ ಮನೆಯಲ್ಲಿ ಆಮೇಲೆ ಮಸೆದ ಕತ್ತಿಯನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯುತ್ತೇವೆ. ಕತ್ತಿಯ ಬಾಯಿಗೆ ತಾಮ್ರದ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಹಿಡಿಯದಿದ್ದರೆ ಮದ್ದು ಸರಿಯಾಗಿದೆ. ಇದೆಲ್ಲ ಸರಿ. ನನ್ನ ಪ್ರಶ್ನೆ ಬೇರೆ. ಹೋದ ವರ್ಷ ಮೊದಲ ಮದ್ದು ಯಾವ ದಿನ ಬಿಟ್ಟಿರಿ? ಮಳೆ ಹಿಡಿಯುವ ಮೊದಲೇ ಬಿಡಬೇಕು, ಆಮೇಲೆ 40ರಿಂದ 45 ದಿನಕ್ಕೆ ಇನ್ನೊಂದು ಸಲ. ನಾನು ಕಂಡ ಹಾಗೆ ಎಷ್ಟೋ ಮನೆಗಳಲ್ಲಿ ಮದ್ದು ತಡವಾಗುವುದು ಮರೆತು ಅಲ್ಲ. ಮೇ ಕೊನೆಗೆ ಮದುವೆಗಳೆಲ್ಲ ಮುಗಿದು ಕೈಯಲ್ಲಿ ಹಣ ಇರುವುದಿಲ್ಲ. ಮದ್ದು ಬಿಡುವವರು ಹಣ ಕೊಡುವವರ ತೋಟಕ್ಕೆ ಮೊದಲು ಹೋಗುತ್ತಾರೆ. ಹತ್ತು ದಿನ ತಡವಾಯಿತು, ಅಷ್ಟರಲ್ಲಿ ಮಳೆ ಹಿಡಿಯಿತು, ಕಾಯಿ ಉದುರಿತು. ಹಾಗಾಗಿ ಫೆಬ್ರವರಿಯಲ್ಲಿ ಅಡಿಕೆ ಹಣ ಬಂದ ವಾರವೇ ಮೈಲುತುತ್ತು ತಂದಿಡಿ. ಸುಣ್ಣ ಆಮೇಲೆ ಹೊಸದಾಗಿ ತಂದರಾಯಿತು. ಮದ್ದು ಬಿಡುವವರಿಗೆ ಕೊಡುವ ಕೂಲಿಯನ್ನು ಬೇರೆ ಲಕೋಟೆಯಲ್ಲಿ ಹಾಕಿ ನಿಮ್ಮ ಕಪಾಟಿನಲ್ಲಿಡಿ.

ಹವಾಮಾನ ಆಧಾರಿತ ಬೆಳೆವಿಮೆ ಮಾಡಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಈಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ರೈತರ ಪಾಲಿನ ಕಂತು ನೂರಕ್ಕೆ ಐದರಂತೆ 6,400. ನಿಮ್ಮ ಒಂದೂಕಾಲು ಎಕರೆ ಅಂದರೆ ಅರ್ಧ ಹೆಕ್ಟೇರ್. 3,200 ರೂಪಾಯಿ ಆಗುತ್ತದೆ. ಕೊನೆ ದಿನ ವರ್ಷ ವರ್ಷ ಬದಲಾಗುತ್ತದೆ, ಜೂನ್ ಮೊದಲ ವಾರವೇ ಸೊಸೈಟಿಯಲ್ಲಿ ಕೇಳಿ. ಇದರಲ್ಲಿ ಯಾರೂ ಬಂದು ನಿಮ್ಮ ಮರ ನೋಡುವುದಿಲ್ಲ. ಪಂಚಾಯತಿನ ಮಳೆಮಾಪಕ ಏನು ಹೇಳುತ್ತದೋ ಅದರ ಮೇಲೆ ಪರಿಹಾರ. ಮತ್ತೆ ಆ ಹಣ ಕೈಗೆ ಬರುವಾಗ ಮಳೆಗಾಲ ಮುಗಿದು ತುಂಬ ದಿನ ಆಗಿರುತ್ತದೆ. ಮಾಡಲೇಬೇಕು, ಆದರೆ ಆಟಿಯ ಖರ್ಚಿಗೆ ಅದನ್ನು ನಂಬಬೇಡಿ.

ಇನ್ನು ಗದ್ದೆ. ಸಾಲ ತೆಗೆದು ಗದ್ದೆಗೆ ಅಡಿಕೆ ಹಾಕುವುದು ಬೇಡ ಅಂತಲೇ ನನ್ನ ಅಭಿಪ್ರಾಯ. ಮೂವತ್ತು ಸೆಂಟ್ಸಿಗೆ ಎಂಓ-4 ತಳಿ ಬಿತ್ತಿದರೆ ಒಳ್ಳೆ ವರ್ಷ ಐದು ಕ್ವಿಂಟಾಲ್ ಭತ್ತ ಸಿಗುತ್ತದೆ. ಕುಚ್ಚಲಕ್ಕಿ ಮಾಡಿಸಿದರೆ ಮೂರು ಕ್ವಿಂಟಾಲ್ ದಾಟುತ್ತದೆ. ಐದು ಜನರ ಮನೆಗೆ ಏಳು ತಿಂಗಳ ಊಟ. ದನಕ್ಕೆ ಬೈಹುಲ್ಲು. ಅಡಿಕೆ ನೆಟ್ಟರೆ ಐದಾರು ವರ್ಷ ಫಸಲಿಲ್ಲ. ಅಷ್ಟೂ ವರ್ಷ ಅಕ್ಕಿ ಅಂಗಡಿಯಿಂದ, ಹುಲ್ಲು ಲಾರಿಯಿಂದ, ಮೇಲೆ ಸಾಲದ ಕಂತು. ಏಪ್ರಿಲಿನಲ್ಲಿ ಇರುವ ತೋಟಕ್ಕೇ ನೀರು ಸಾಕಾಗುತ್ತದಾ ಅಂತಲೂ ನೋಡಬೇಕು.

ಇನ್ನೊಂದು ಮಾತು. ಇಡೀ ಮನೆ ಒಂದೇ ಕಾಯಿಯ ಮೇಲೆ ನಿಲ್ಲುವುದು ನನಗೆ ಯಾವಾಗಲೂ ಹೆದರಿಕೆ. 1970ರ ದಶಕದ ಶುರುವಿನಲ್ಲಿ ಅಡಿಕೆ ದರ ಬಿದ್ದು ಬೆಳೆಗಾರರು ಕಂಗಾಲಾದದ್ದರಿಂದಲೇ 1973ರಲ್ಲಿ ಮಂಗಳೂರಿನಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿತು. 2000ದ ಆಸುಪಾಸಿನಲ್ಲಿ ಮತ್ತೆ ದರ ಕುಸಿದದ್ದು ನಿಮ್ಮ ಮಾವನಿಗೆ ನೆನಪಿರುತ್ತದೆ. ಈಗ ದಾವಣಗೆರೆ, ಚಿತ್ರದುರ್ಗದ ಬಯಲಲ್ಲೂ ಅಡಿಕೆಯೇ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಬೆಳೆಗಾರರಿಗೆ ಇದು ಕಹಿ ಮಾತು, ನನಗೂ ಕಹಿಯೇ. ಆದರೆ ಕಣ್ಣು ಮುಚ್ಚಿ ಕೂರುವ ಹಾಗಿಲ್ಲ.

ಮಾವನಿಗೆ ಗಿಡ ನೆಡುವ ಹುಮ್ಮಸ್ಸು ಇದೆಯಲ್ಲ, ಅದು ದೊಡ್ಡದು. ಅದಕ್ಕೆ ಬೇರೆ ದಾರಿ ತೋರಿಸಿ. ಈಗಿರುವ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಬಿಡಲಿ. ವರ್ಷಕ್ಕೆ ಐವತ್ತು ಮರಕ್ಕೆ ಸಾಕು. ಸಾಲ ಬೇಡ, ಹೊಸ ಜಾಗ ಬೇಡ. ಚೆನ್ನಾಗಿ ಒಣಗಿಸಿದ ಮೆಣಸು ಎರಡು ಮೂರು ವರ್ಷ ಕೆಡದೆ ನಿಲ್ಲುತ್ತದೆ, ಅದೂ ಅಟ್ಟದ ಮೇಲಿನ ಠೇವಣಿಯೇ. ಎರಡನೇ ದನ ತರುವ ಅಂತ ಯಾರಾದರೂ ಹೇಳಿದರೆ ಮಾತ್ರ ಒಂದು ವಿಷಯ ಮೊದಲೇ ಮಾತಾಡಿಕೊಳ್ಳಿ. ಹುಲ್ಲು ತರುವವರು ಯಾರು, ಹಟ್ಟಿ ತೊಳೆಯುವವರು ಯಾರು? ಹಾಲಿನ ಹಣ ಮಳೆಗಾಲದಲ್ಲೂ ತಪ್ಪದೆ ಬರುತ್ತದೆ, ಸರ್ಕಾರದ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನವೂ ಉಂಟು. ಆದರೆ ಆ ಕೆಲಸವೆಲ್ಲ ಸುಮ್ನೆ ಸೊಸೆಯ ತಲೆಗೆ ಬೀಳಬಾರದು.

ಮಾವನ ಹತ್ತಿರ "ಗದ್ದೆಗೆ ಅಡಿಕೆ ಬೇಡ" ಅಂತ ಶುರು ಮಾಡಬೇಡಿ. ರಾತ್ರಿ ಊಟ ಆದ ಮೇಲೆ ಕ್ಯಾಲೆಂಡರ್ ಅವರ ಮುಂದೆ ಇಟ್ಟು, "ಮಾವ, ಜುಲೈಯಲ್ಲಿ ಇಷ್ಟೊಂದು ಕೆಂಪು ಯಾಕೆ ಬಿತ್ತು ನೋಡಿ" ಅಂತ ಕೇಳಿ. ಉತ್ತರ ಅವರ ಬಾಯಿಂದಲೇ ಬರಲಿ.

ಪ್ರಶ್ನೆ: ಶಿರ್ವದ ಹತ್ತಿರ ನಮ್ಮ ಮನೆ. ನನ್ನಲ್ಲಿ 55 ಮಲ್ಲಿಗೆ ಗಿಡ ಇವೆ. ಒಂದು ದಿನ ಅಟ್ಟೆಗೆ ನೂರು ರೂಪಾಯಿ, ಇನ್ನೊಂದು ದಿನ ಸಾವಿರದ ಮೇಲೆ. ದಿನಾ ಹಣ ಬರುತ್ತದೆ, ವರ್ಷದ ಕೊನೆಗೆ ನೋಡಿದರೆ ಎಂತದೂ ಇಲ್ಲ. ಉಳಿಸುವುದು ಹೇಗೆ?

ಉತ್ತರ: ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಮಧ್ಯಾಹ್ನದ ಒಳಗೆ ಹೂ ಕೊಳ್ಳುವವರ ಕಟ್ಟೆಗೆ ಮುಟ್ಟಿಸುವವರ ಬೆರಳು ನನಗೆ ಗೊತ್ತು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆಗೆ 3,200 ಸಲ ಕೈ ಆಡಬೇಕು. ಅಷ್ಟು ದುಡಿದ ಹಣ ಎಲ್ಲಿ ಹೋಯಿತು ಅಂತ ಗೊತ್ತಿಲ್ಲದಿದ್ದರೆ ಹೊಟ್ಟೆ ಉರಿಯದೆ ಇರುತ್ತದಾ?

ಶಂಕರಪುರದ ಮಲ್ಲಿಗೆ ಮಾರುಕಟ್ಟೆಯ ದರ ನಮ್ಮ ಕೈಯಲ್ಲಿಲ್ಲ. ಮದುವೆ, ಹಬ್ಬದ ದಿನ ಹೂ ಕಡಿಮೆ ಇದ್ದರೆ ಎರಡು ಸಾವಿರವನ್ನೂ ದಾಟುತ್ತದೆ. ಬೇಸಿಗೆಯಲ್ಲಿ ಹೂ ರಾಶಿ ಬಿದ್ದರೆ ನೂರರ ಒಳಗೂ ಬರುತ್ತದೆ. ಹಾಗಾಗಿ ದಿನಕ್ಕೆ ಇಷ್ಟು ರೂಪಾಯಿ ಉಳಿಸುತ್ತೇನೆ ಅಂತ ಹೊರಟರೆ ಮೂರನೇ ದಿನಕ್ಕೇ ತಪ್ಪುತ್ತದೆ. ಹೀಗೆ ಮಾಡಿ. ನಾಲ್ಕು ಚೆಂಡಿನಲ್ಲಿ ಒಂದು ಚೆಂಡು ನಿಮ್ಮದು. ಅಟ್ಟೆಗೆ ಇನ್ನೂರು ಬಂದ ದಿನ ಐವತ್ತು, ಸಾವಿರ ಬಂದ ದಿನ ಇನ್ನೂರೈವತ್ತು ಪಿಗ್ಮಿಗೆ, ಅಂದರೆ ದಿನಾ ಕಟ್ಟುವ ಠೇವಣಿಗೆ. ದರ ಏರಿದಾಗ ಉಳಿತಾಯವೂ ತಾನಾಗಿ ಏರುತ್ತದೆ. ಉಳಿದ ಮೂರು ಚೆಂಡು ಮನೆಗೆ.

ಪಿಗ್ಮಿ ನಮ್ಮ ಊರಿನದ್ದೇ ಸೊತ್ತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ದಿನಾ ಚಿಲ್ಲರೆ ಹಣ ಬರುವ ನಮ್ಮಂಥ ಮನೆಗಳಿಗೆಂದೇ ಮಾಡಿದ್ದು. ಬಡ್ಡಿ ಕಡಿಮೆ, ಮಧ್ಯದಲ್ಲಿ ಮುರಿದರೆ ಇನ್ನೂ ಕಡಿಮೆ. ಹಾಗಾಗಿ ಒಟ್ಟಾದ ಹಾಗೆ ಎಫ್‌ಡಿಗೆ ಹಾಕಿ. ಏಜೆಂಟ್ ಎಷ್ಟೇ ಪರಿಚಯದವರಾಗಲಿ, ರಸೀದಿ ಅಥವಾ ಮೊಬೈಲ್ ಮೆಸೇಜ್ ಅಲ್ಲೇ ನೋಡಿ.

ಒಂದು ಪುಸ್ತಕದಲ್ಲಿ ಮೂರೇ ವಿಷಯ ಬರೆಯಿರಿ. ಎಷ್ಟು ಚೆಂಡು, ಏನು ದರ, ಹಣ ಯಾರ ಕೈಗೆ ಹೋಯಿತು. ಮೂರನೆಯದನ್ನು ಬಿಡಬೇಡಿ. ಆರು ತಿಂಗಳಾದ ಮೇಲೆ ಆ ಸಾಲನ್ನು ಮನೆಯವರೆಲ್ಲ ಕೂತು ಓದಿ.

ಪ್ರಶ್ನೆ: ಪುತ್ತೂರಿನವನು ನಾನು. ಸೊಸೈಟಿಯಲ್ಲಿ ಸೊನ್ನೆ ಬಡ್ಡಿಗೆ ಬೆಳೆಸಾಲ ಸಿಗುತ್ತದೆ. ತೆಗೆದು ಎಫ್‌ಡಿ ಇಟ್ಟರೆ ಬಡ್ಡಿ ಲಾಭ ಅಂತ ಗೆಳೆಯರು ಹೇಳುತ್ತಾರೆ. ಮಾಡಬಹುದೇ?

ಉತ್ತರ: ಬೇಡ. ಸೊನ್ನೆ ಬಡ್ಡಿ ಅಂದರೆ ಬಡ್ಡಿ ಇಲ್ಲ ಅಂತಲ್ಲ, ನಿಮ್ಮ ಬದಲಿಗೆ ಸರ್ಕಾರ ಕಟ್ಟುತ್ತದೆ. ಬೆಳೆಗೆಂದು ಕೊಟ್ಟದ್ದು. 2023ರಲ್ಲಿ ಇದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದಾರೆ. ಅದೇ ಹಣ ಮೇ ತಿಂಗಳಲ್ಲಿ ಮದ್ದಿಗೆ, ಗೊಬ್ಬರಕ್ಕೆ ಇಲ್ಲದೆ ಎಷ್ಟು ಮನೆಗಳಲ್ಲಿ ಪರದಾಡುತ್ತಾರೆ ಅಂತ ಮೇಲಿನ ಪತ್ರ ಓದಿ.

ಇನ್ನೊಂದು ಎಚ್ಚರಿಕೆ. ವಾಯಿದೆ ದಾಟಿದರೆ ಸೊನ್ನೆ ಬಡ್ಡಿ ಹೋಯಿತು. ಪ್ರತಿ ಮಾರ್ಚಿನಲ್ಲಿ ನಾನು ನೋಡುತ್ತಿದ್ದೆ. ಸಾಲ ಕಟ್ಟಲು ಹಣವಿಲ್ಲದವರು ಒಂದು ದಿನದ ಮಟ್ಟಿಗೆ ಕೈಸಾಲ ತಂದು ಕಟ್ಟುತ್ತಾರೆ. ಹೊಸ ಸಾಲ ಮಂಜೂರಾದ ಕೂಡಲೇ ತೆಗೆದು ಅದನ್ನು ತೀರಿಸುತ್ತಾರೆ. ಒಮ್ಮೆ ಹಸಿರು ರಬ್ಬರ್ ಬ್ಯಾಂಡ್ ಹಾಕಿದ ಒಂದೇ ನೋಟಿನ ಕಟ್ಟು ಬೆಳಿಗ್ಗೆಯಿಂದ ಸಂಜೆಯೊಳಗೆ ಮೂವರ ಕೈಯಿಂದ ನನ್ನ ಮೇಜಿಗೆ ಬಂತು. ಕೊಟ್ಟವರು ಹೊರಗೆ ಬೈಕಿನ ಮೇಲೆ ಕಾಯುತ್ತಿದ್ದರು. ಆ ಒಂದು ದಿನಕ್ಕೆ ಅವರು ತೆಗೆದುಕೊಳ್ಳುವ ಹಣ ಲೆಕ್ಕ ಹಾಕಿದರೆ ಸೊನ್ನೆ ಬಡ್ಡಿ ಎಲ್ಲಿ ಉಳಿಯಿತು? ಸಾಲದ ವಾಯಿದೆ ಅಡಿಕೆ ಮಾರುವ ತಿಂಗಳಿಗೆ ಹೊಂದುತ್ತದಾ ಅಂತ ಸಾಲ ತೆಗೆಯುವ ದಿನವೇ ಕೇಳಿ.

ಪ್ರಶ್ನೆ: ಬ್ರಹ್ಮಾವರ ತಾಲೂಕಿನಲ್ಲಿ ನಮಗೆ ಡಿಕ್ಲರೇಷನ್‌ನಲ್ಲಿ ಬಂದ 70 ಸೆಂಟ್ಸ್ ಜಾಗ ಇದೆ. ಅಜ್ಜ ತೀರಿಹೋಗಿ 19 ವರ್ಷ. ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ಸಾಲವೂ ಇಲ್ಲ, ವಿಮೆಯೂ ಇಲ್ಲ. ಚಿಕ್ಕಪ್ಪ ಮುಂಬೈಯಲ್ಲಿ, ಅತ್ತೆಯರಿಬ್ಬರು ಮದುವೆಯಾಗಿ ಹೋಗಿದ್ದಾರೆ.

ಉತ್ತರ: 1974ರ ಭೂಸುಧಾರಣೆಯಲ್ಲಿ ಗೇಣಿ ಹೋಗಿ ಸ್ವಂತವಾದ ಜಾಗ. ಅದಕ್ಕಾಗಿ ಅಜ್ಜ ಟ್ರಿಬ್ಯುನಲ್ಲಿಗೆ ಎಷ್ಟು ಸಲ ಅಲೆದಿರಬೇಕು. ಅದು ಕಾಗದದಲ್ಲಿ ಹೀಗೆ ನಿಂತಿರುವುದು ನೋಡಿ ಬೇಸರವಾಗುತ್ತದೆ.

ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ತರಿಸಿ. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್ ಹಿಡಿದು ನಾಡಕಚೇರಿಗೆ ಹೋಗಿ. ಇದು ಪಾಲು ಮಾಡುವುದಲ್ಲ, ಎಲ್ಲರ ಹೆಸರು ಜಂಟಿಯಾಗಿ ಬರುತ್ತದೆ ಅಷ್ಟೇ. ಚಿಕ್ಕಪ್ಪನಿಗೆ ಇದನ್ನು ಬಿಡಿಸಿ ಹೇಳಿದರೆ ಅರ್ಧ ಅನುಮಾನ ಹೋಗುತ್ತದೆ. ಅತ್ತೆಯರ ಹೆಸರು ವಂಶವೃಕ್ಷದಲ್ಲಿ ಬಿಡಬೇಡಿ. ಅವರಿಗೂ ಹಕ್ಕಿದೆ, ಬಿಟ್ಟದ್ದು ಮುಂದೆ ಕೋರ್ಟಿಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದೇ ಗದ್ದೆಯಲ್ಲಿ ನೇಜಿ ನೆಟ್ಟವರು ಅವರು.

ಪಹಣಿ ಆದ ಮೇಲೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಮಾಡಿಸಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಜಾಗದಲ್ಲಿ ಏನಿದೆಯೋ ಅದೇ ದಾಖಲಾಗಿದೆಯೇ ನೋಡಿ. ತೋಟದಲ್ಲಿ ಅಡಿಕೆ ಇದ್ದು ಪಹಣಿಯಲ್ಲಿ ಭತ್ತ ಅಂತಿದ್ದರೆ ವಿಮೆಗೆ ತೊಂದರೆ. ಜಂಟಿ ಪಹಣಿಯಾದರೆ ವಿಮೆ ಮಾಡುವಾಗ ಉಳಿದವರ ಒಪ್ಪಿಗೆ ಪತ್ರ ಕೇಳುತ್ತಾರೆ. ಚಿಕ್ಕಪ್ಪ ಚೌತಿಗೋ ನೇಮಕ್ಕೋ ಊರಿಗೆ ಬಂದಾಗಲೇ ಸಹಿ ಹಾಕಿಸಿಡಿ.

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ಹೆಬ್ರಿ ಹತ್ತಿರದ ಮನೆಗೆ ಬರಬೇಕೆಂದಿದ್ದೇನೆ. ಉಳಿತಾಯ ಆರು ಲಕ್ಷ ಉಂಟು. ಒಂದು ಎಕರೆಗೆ ಮ್ಯಾಂಗೋಸ್ಟಿನ್, ರಂಬುಟಾನ್ ಹಾಕಿದರೆ ಒಳ್ಳೆ ದರ ಅನ್ನುತ್ತಾರೆ. ಗಿಡ ಕೊಡುವವರೇ ಹಣ್ಣು ಖರೀದಿ ಮಾಡುತ್ತಾರಂತೆ. ಅಮ್ಮನಿಗೆ ಇಷ್ಟವಿಲ್ಲ.

ಉತ್ತರ: ಬನ್ನಿ. ಮಕ್ಕಳು ಊರಿಗೆ ಬರುತ್ತಾರೆ ಅಂದರೆ ನನಗೆ ತುಂಬ ಖುಷಿ. ಆದರೆ ಆರು ಲಕ್ಷವನ್ನೂ ಗುಂಡಿಗೆ ಹಾಕಬೇಡಿ.

ನಮ್ಮ ಮನೆಯ ಕಥೆ ಹೇಳುತ್ತೇನೆ. 2000ದಲ್ಲಿ ಮಡಗಾಸ್ಕರಿನಲ್ಲಿ ಚಂಡಮಾರುತ ಬಂದು ಅಲ್ಲಿನ ವೆನಿಲ್ಲಾ ತೋಟಗಳು ಹಾಳಾದವು. ಇಲ್ಲಿ ದರ ಏರುತ್ತಾ ಹೋಯಿತು. ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ. ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ವೆನಿಲ್ಲಾವೇ. 2002ರಲ್ಲಿ ನನ್ನ ಎರಡು ಬಳೆ ಅಡವು ಇಟ್ಟು ನಾವೂ ಇನ್ನೂರು ಬಳ್ಳಿ ನೆಟ್ಟೆವು. ಅತ್ತೆ ತೀರಿಕೊಂಡು ಎರಡು ವರ್ಷ ಆಗಿತ್ತು. ಇದ್ದಿದ್ದರೆ ಬಿಡುತ್ತಿರಲಿಲ್ಲ. ಬಳ್ಳಿ ಹೂ ಬಿಡಲು ಮೂರನೇ ವರ್ಷ ಬೇಕು. ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ, ಅಷ್ಟರೊಳಗೆ ಒಂದೊಂದು ಹೂವಿಗೂ ಕಡ್ಡಿಯಲ್ಲಿ ಪರಾಗ ಮುಟ್ಟಿಸಬೇಕು. ಆಫೀಸಿಗೆ ಹೋಗುವ ಮೊದಲು ನಾನು ತೆಂಗಿನ ಗರಿಯ ಕಡ್ಡಿ ಹಿಡಿದು ಸಾಲು ಸಾಲು ಹೂ ಮುಟ್ಟುತ್ತಿದ್ದೆ. ಕೋಡು ಬಲಿಯಲು ಮತ್ತೆ ಒಂಬತ್ತು ತಿಂಗಳು. ನಮ್ಮ ಕೋಡು ಕೈಗೆ ಬರುವ ಹೊತ್ತಿಗೆ ದರ ಪಾತಾಳಕ್ಕೆ ಇಳಿದಿತ್ತು. ಖರೀದಿಗೆ ಬರುತ್ತೇವೆ ಅಂದವರು ಬರಲಿಲ್ಲ. ಬಳೆ ವಾಪಸು ಬರಲು ನಾಲ್ಕು ವರ್ಷ ಹಿಡಿಯಿತು. ಬಂದದ್ದು ವೆನಿಲ್ಲಾದಿಂದಲ್ಲ, ನನ್ನ ಸಂಬಳದಿಂದ. ಆ ವರ್ಷಗಳಲ್ಲಿ ಸಂಬಳ ಇಲ್ಲದಿದ್ದ ಮನೆಗಳ ಪಾಡು ಏನಾಯಿತು ಅಂತ ನಾನು ಸೊಸೈಟಿಯ ಲೆಡ್ಜರಿನಲ್ಲಿ ಓದುತ್ತಿದ್ದೆ.

ದರ ಏರಿದಾಗ ನೆಟ್ಟ ಗಿಡ ಫಲ ಕೊಡುವುದು ದರ ಇಳಿದಾಗ. ಎಲ್ಲರೂ ಅದೇ ವರ್ಷ ನೆಟ್ಟಿರುತ್ತಾರಲ್ಲ. ಕೊಕ್ಕೋವನ್ನೂ ನೋಡಿದೆವು. 2024ರಲ್ಲಿ ದರ ಹಾರಿತು, ಆಮೇಲೆ ಇಳಿಯಿತು. ಆದರೆ ಅಡಿಕೆ ತೋಟದ ನಡುವೆ ಹಳೆ ಕೊಕ್ಕೋ ಗಿಡ ಕಡಿಯದೆ ಇಟ್ಟುಕೊಂಡವರಿಗೆ ಹೊಸ ಖರ್ಚಿಲ್ಲದೆ ನಾಲ್ಕು ಕಾಸು ಸಿಕ್ಕಿತು. ಆ ವರ್ಷ ಗಿಡ ನೆಡಲು ಓಡಿದವರಿಗೆ ಸಿಗಲಿಲ್ಲ.

ನೀವು ಹೀಗೆ ಮಾಡಿ. ಆರರಲ್ಲಿ ಮೂರು ಲಕ್ಷ ಅಮ್ಮನ ಮತ್ತು ನಿಮ್ಮ ಜಂಟಿ ಹೆಸರಲ್ಲಿ ಎಫ್‌ಡಿ ಇಡಿ. ಅದು ಒಂದು ವರ್ಷದ ಮನೆ ಖರ್ಚು, ಆಸ್ಪತ್ರೆ ಖರ್ಚಿಗೆ. ಗಿಡಕ್ಕೆ ಮುಟ್ಟಬಾರದು. ಹೊಸ ಹಣ್ಣು ಹತ್ತು ಸೆಂಟ್ಸಿಗೆ ಸಾಕು. ರಂಬುಟಾನ್ ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಹಣ್ಣು ಕೊಟ್ಟೀತು, ಮ್ಯಾಂಗೋಸ್ಟಿನ್ ಇನ್ನೂ ತಡ. ಅಷ್ಟು ವರ್ಷ ತಿಂಗಳ ಖರ್ಚು ಎಲ್ಲಿಂದ ಅಂತ ಗಿಡ ಮಾರುವವರು ಹೇಳುವುದಿಲ್ಲ. ಖರೀದಿಯ ಮಾತು ಕಾಗದದಲ್ಲಿ ಇದೆಯಾ, ಯಾವ ದರಕ್ಕೆ, ಎಷ್ಟನೇ ವರ್ಷದವರೆಗೆ ಅಂತ ಕೇಳಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಹೋಗಿ ಮಾತಾಡಿ.

ಅದಕ್ಕಿಂತ ಮೊದಲು ಒಂದು ಕೆಲಸ. ನಮ್ಮಲ್ಲಿ ವರ್ಷಕ್ಕೆ ಮೂರುವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬಿದ್ದರೂ ಏಪ್ರಿಲಿನಲ್ಲಿ ಬಾವಿಯ ತಳ ಕಾಣುತ್ತದೆ. ಕೆಲಸ ಬಿಡುವ ಮೊದಲಿನ ಬೇಸಿಗೆಯಲ್ಲಿ ಮಾರ್ಚ್, ಏಪ್ರಿಲ್, ಮೇ ಮೂರೂ ತಿಂಗಳು ತಿಂಗಳಿಗೆರಡು ಸಲ ಮನೆಗೆ ಬಂದು ಬಾವಿಗೆ ಹಗ್ಗ ಇಳಿಸಿ. ಹಗ್ಗದಲ್ಲಿ ಮೊಳಕ್ಕೊಂದು ಗಂಟು ಹಾಕಿರಿ. ಎಷ್ಟು ಗಂಟು ಒದ್ದೆಯಾಯಿತು ಅಂತ ಬರೆದಿಟ್ಟು ನನಗೆ ಕಳಿಸಿ. ಅಮ್ಮನಿಗೆ ಯಾಕೆ ಇಷ್ಟವಿಲ್ಲ ಅಂತಲೂ ಅದೇ ಕಾಗದದಲ್ಲಿ ಬರೆಯಿರಿ, ಅವರ ಮಾತಿನಲ್ಲೇ.